ಹರಟೆಕಟ್ಟೆಯೆಂದು ಹಳಿಯುವ ಮುನ್ನ

ಆಗ್ನೇಯ ಏಷ್ಯಾ ರಾಷ್ಟ್ರಗಳ ಸಂಘವಾದ ಆಸಿಯಾನ್ ಕುರಿತು ನಮ್ಮಲ್ಲಿ ಒಂದು ಹಗುರವಾದ ಮಾತು ಬಹುಕಾಲದಿಂದ ಚಾಲ್ತಿಯಲ್ಲಿದೆ. ಅದೊಂದು ಹರಟೆಕಟ್ಟೆಯಂತೆ! ನಾಯಕರೆಲ್ಲ ಸಾಲಾಗಿ ನಿಂತು, ಕೈಗೆ ಕೈ ಹೆಣೆದು ಛಾಯಾಚಿತ್ರ ತೆಗೆಸಿಕೊಳ್ಳುತ್ತಾರೆ, ಉಂಡು ಏಳುತ್ತಾರೆ, ಅಷ್ಟೇ ಅಂತೆ. ದಿನವೂ ಪತ್ರಿಕೆ ಓದುವ ಸುಶಿಕ್ಷಿತರ ಬಾಯಲ್ಲೂ ಈ ಮಾತು ಕೇಳಿಬರುತ್ತದೆ. ಹೀಗೆ ಹಳಿಯುವವರೇ ಮರುಕ್ಷಣದಲ್ಲಿ ಭಾರತವು ವಿಶ್ವಗುರುವಾಯಿತೆಂದು ಬೀಗುವುದನ್ನೂ ಕಂಡಿದ್ದೇನೆ. ಈ ಎರಡೂ ಮಾತುಗಳ ಬೇರು ಒಂದೇ ಎಂಬುದು ನನ್ನ ವಾದ. ದೇಶದ ಗಾತ್ರ, ಸೈನ್ಯ, ಜನಸಂಖ್ಯೆ ಇವಿಷ್ಟಿದ್ದರೆ ಪ್ರಭಾವ ತಾನಾಗಿ ಬರುತ್ತದೆಂಬ ಭ್ರಮೆಯೇ ಆ ಬೇರು.

ಮೊದಲು ಚರಿತ್ರೆಯನ್ನು ನೋಡೋಣ. 1967ರ ಆಗಸ್ಟ್ 8ರಂದು ಇಂಡೋನೇಷ್ಯಾ, ಮಲೇಷ್ಯಾ, ಫಿಲಿಪ್ಪೀನ್ಸ್, ಸಿಂಗಪುರ ಮತ್ತು ಥಾಯ್ಲೆಂಡ್ ದೇಶಗಳು ಬ್ಯಾಂಕಾಕಿನಲ್ಲಿ ಕೂಡಿ ಈ ಸಂಘವನ್ನು ಸ್ಥಾಪಿಸಿದವು. ಇವರೇನು ಅನ್ಯೋನ್ಯವಾಗಿದ್ದ ನೆರೆಹೊರೆಯವರೇ? ಇಂಡೋನೇಷ್ಯಾ ಮತ್ತು ಮಲೇಷ್ಯಾಗಳ ನಡುವಣ ಸಶಸ್ತ್ರ ಸಂಘರ್ಷ ಕೊನೆಗೊಂಡು ಒಂದು ವರ್ಷವಷ್ಟೇ ಆಗಿತ್ತು. ಸಿಂಗಪುರವು ಮಲೇಷ್ಯಾದಿಂದ ಬೇರ್ಪಟ್ಟದ್ದು 1965ರಲ್ಲಿ; ಆ ಗಾಯ ಇನ್ನೂ ಹಸಿಯಾಗಿತ್ತು. ಮಲೇಷ್ಯಾದ ಸಬಾ ಪ್ರಾಂತ್ಯ ತನ್ನದೆಂದು ಫಿಲಿಪ್ಪೀನ್ಸ್ ಹಕ್ಕು ಸಾಧಿಸುತ್ತಿತ್ತು. ಜಗಳ ಮುಗಿಸಿ ಬನ್ನಿ, ಆಮೇಲೆ ಕೂಡೋಣ ಎಂದು ಅವರು ಕಾದು ಕುಳಿತಿದ್ದರೆ ಇಂದಿಗೂ ಕಾಯುತ್ತಲೇ ಇರಬೇಕಾಗಿತ್ತು. ಜಗಳಗಳನ್ನು ಪಕ್ಕಕ್ಕಿಟ್ಟು ಜಗಲಿಯೊಂದನ್ನು ಕಟ್ಟಿದರು. ವಿಯೆಟ್ನಾಂ 1978ರ ಕೊನೆಯಲ್ಲಿ ಕಾಂಬೋಡಿಯಾಕ್ಕೆ ಸೇನೆ ನುಗ್ಗಿಸಿದಾಗ ಅದನ್ನು ಹತ್ತು ವರ್ಷಕ್ಕೂ ಹೆಚ್ಚು ಕಾಲ ಬಲವಾಗಿ ವಿರೋಧಿಸಿದ ಆಸಿಯಾನ್, 1995ರಲ್ಲಿ ಅದೇ ವಿಯೆಟ್ನಾಮನ್ನು ಸದಸ್ಯನನ್ನಾಗಿ ಸ್ವಾಗತಿಸಿತು. ಐದಾಗಿದ್ದ ಸದಸ್ಯರ ಸಂಖ್ಯೆ 2025ರ ಅಕ್ಟೋಬರಿನಲ್ಲಿ ತಿಮೋರ್-ಲೆಸ್ತೆಯ ಸೇರ್ಪಡೆಯೊಂದಿಗೆ ಹನ್ನೊಂದಾಯಿತು.

ಈಗ ಆ ಜಗಲಿಯ ಮಹಿಮೆಯನ್ನು ಗಮನಿಸಿ. 1976ರಲ್ಲಿ ಬಾಲಿ ದ್ವೀಪದಲ್ಲಿ ಸದಸ್ಯರು ತಮ್ಮೊಳಗೆ ಸೌಹಾರ್ದ ಮತ್ತು ಸಹಕಾರದ ಒಪ್ಪಂದವೊಂದಕ್ಕೆ ಸಹಿ ಹಾಕಿದರು. ಪರಸ್ಪರ ಆಂತರಿಕ ವ್ಯವಹಾರಗಳಲ್ಲಿ ಕೈಹಾಕಬಾರದು, ವಿವಾದಗಳಲ್ಲಿ ಬಲಪ್ರಯೋಗ ಸಲ್ಲದು ಎಂಬುದು ಅದರ ಸಾರ. ಮುಂದೆ 1987ರಲ್ಲಿ ಹೊರಗಿನ ದೇಶಗಳೂ ಸಹಿ ಹಾಕಬಹುದೆಂದು ತಿದ್ದುಪಡಿ ಮಾಡಿದರು. 2005ರಲ್ಲಿ ಪೂರ್ವ ಏಷ್ಯಾ ಶೃಂಗಸಭೆ ಆರಂಭವಾದಾಗ, ಅಲ್ಲಿ ಆಸನ ಬೇಕೆನ್ನುವವರು ಈ ಒಪ್ಪಂದವನ್ನು ಒಪ್ಪಿರಲೇಬೇಕೆಂದು ವಿಧಿಸಿದರು. ಭಾರತ ಮತ್ತು ಚೀನಾ 2003ರಲ್ಲೇ ಒಪ್ಪಿದ್ದವು. ಮೊದಲು ಹಿಂದೇಟು ಹಾಕಿದ್ದ ಆಸ್ಟ್ರೇಲಿಯಾ 2005ರಲ್ಲಿ ಒಪ್ಪಿತು. ಅಮೆರಿಕವು 2009ರಲ್ಲಿ ಒಪ್ಪಿ, 2011ರಲ್ಲಿ ರಷ್ಯಾದೊಡನೆ ಆ ಸಭೆಯ ಸದಸ್ಯನಾಯಿತು. ವಿಮಾನವಾಹಕ ನೌಕೆಗಳ ಒಡೆಯನಾದ ಅಮೆರಿಕವು ಚಿಕ್ಕಪುಟ್ಟ ದೇಶಗಳು ಬರೆದ ನಿಯಮಕ್ಕೆ ರುಜು ಹಾಕಿ ಒಳಬರಬೇಕಾಯಿತಲ್ಲ, ಇದನ್ನು ಪ್ರಭಾವವೆನ್ನದೆ ಇನ್ನೇನೆನ್ನಬೇಕು?

ಸಭೆ ನಡೆಯುವ ಊರು ಅವರದು, ಅಧ್ಯಕ್ಷತೆ ಅವರದು, ಕಾರ್ಯಸೂಚಿಯ ಕರಡೂ ಅವರದೇ. ಅಧ್ಯಕ್ಷತೆ ಸದಸ್ಯರಲ್ಲಿ ವರ್ಷವರ್ಷವೂ ಸರದಿಯಂತೆ ಬದಲಾಗುತ್ತದೆ. ಜಕಾರ್ತಾದಲ್ಲಿರುವ ಕಾರ್ಯಾಲಯದ ವೆಚ್ಚಕ್ಕೆ ಶ್ರೀಮಂತ ಸಿಂಗಪುರವೂ ಬಡ ಲಾವೋಸ್ ದೇಶವೂ ಸಮನಾದ ವಂತಿಗೆ ಕೊಡುತ್ತವೆ. ಆದಕಾರಣ ‘ನಾನು ದೊಡ್ಡವನು’ ಎನ್ನುವ ಅಧಿಕಾರ ಯಾರಿಗೂ ಇಲ್ಲ. ಹೊರಗಿನ ಬಲಾಢ್ಯರು ಬರಲು ಒಪ್ಪುವುದಕ್ಕೂ ಇದೇ ಕಾರಣ. ಬೀಜಿಂಗ್ ಕರೆದರೆ ಟೋಕಿಯೋ ಶಂಕಿಸುತ್ತದೆ. ವಾಷಿಂಗ್ಟನ್ ಕರೆದರೆ ಬೀಜಿಂಗ್ ಶಂಕಿಸುತ್ತದೆ. ಆಸಿಯಾನ್ ಕರೆದರೆ ಯಾರಿಗೂ ಭಯವಿಲ್ಲ. 2020ರ ನವೆಂಬರಿನಲ್ಲಿ ಹದಿನೈದು ದೇಶಗಳು ಸಹಿ ಹಾಕಿದ ಆರ್‌ಸಿಇಪಿ ವ್ಯಾಪಾರ ಒಪ್ಪಂದವನ್ನು ನಮ್ಮವರು ಚೀನಾದ ಒಪ್ಪಂದವೆಂದೇ ಕರೆಯುತ್ತಾರೆ. ಅದರ ಯೋಜನೆ ಮೂಡಿದ್ದು ಆಸಿಯಾನ್ ಸಭೆಗಳಲ್ಲಿ. ತಮ್ಮತಮ್ಮಲ್ಲೇ ತ್ರಿಪಕ್ಷೀಯ ಒಪ್ಪಂದ ಮಾಡಿಕೊಳ್ಳಲಾಗದಿದ್ದ ಚೀನಾ, ಜಪಾನ್, ದಕ್ಷಿಣ ಕೊರಿಯಾಗಳು ಅಲ್ಲಿಯೇ ಒಂದೇ ಒಪ್ಪಂದದಡಿ ಬಂದವು. ಭಾರತವು 2019ರಲ್ಲಿ ಹಿಂದೆ ಸರಿಯಿತು. ಹಾಲು ಉತ್ಪಾದಕರ ಆತಂಕ ನಿಜವಾದುದೇ. ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಇಷ್ಟು ಹೊಗಳಿದ ಮಾತ್ರಕ್ಕೆ ಆಸಿಯಾನ್ ನಿಷ್ಕಳಂಕವೆಂದು ಭಾವಿಸಬೇಕಿಲ್ಲ. ವಿಯೆಟ್ನಾಮಿನ ಮೇಲಣ ಹಟದಿಂದ, ನರಹಂತಕ ಖ್ಮೇರ್ ರೂಜ್ ಪಕ್ಷಕ್ಕೆ ವಿಶ್ವಸಂಸ್ಥೆಯ ಆಸನ ಉಳಿಯುವಂತೆ ಮತ ಕೂಡಿಸಿದ ಪಾಪ ಅದರ ಮೇಲಿದೆ. 2012ರಲ್ಲಿ ನೋಮ್‌ಪೆನ್ ನಗರದಲ್ಲಿ ದಕ್ಷಿಣ ಚೀನಾ ಸಮುದ್ರದ ವಿಷಯಕ್ಕೆ ಒಮ್ಮತವಾಗದೆ, 45 ವರ್ಷಗಳಲ್ಲಿ ಮೊದಲ ಬಾರಿಗೆ ವಿದೇಶಾಂಗ ಸಚಿವರ ಜಂಟಿ ಹೇಳಿಕೆಯೇ ಹೊರಬೀಳಲಿಲ್ಲ. 2021ರ ಫೆಬ್ರವರಿಯಲ್ಲಿ ಮ್ಯಾನ್ಮಾರಿನ ಸೇನೆ ಅಧಿಕಾರ ಕಸಿದುಕೊಂಡ ಮೇಲೆ ಏಪ್ರಿಲಿನಲ್ಲಿ ಐದು ಅಂಶಗಳ ಒಮ್ಮತ ಸಾರಿದರು. ಸೇನೆ ಅದನ್ನು ಕಾಲಕಸ ಮಾಡಿತು. 2025ರಲ್ಲಿ ಥಾಯ್ಲೆಂಡ್ ಮತ್ತು ಕಾಂಬೋಡಿಯಾ ಗಡಿಯಲ್ಲಿ ಗುಂಡು ಹಾರಿಸಿಕೊಂಡವು. ಬಲಪ್ರಯೋಗ ಸಲ್ಲದೆಂದು ಲೋಕಕ್ಕೆಲ್ಲ ರುಜು ಹಾಕಿಸಿದ ಮನೆಯಲ್ಲೇ ಹೀಗಾಯಿತು! ಆದರೂ ಆ ಜುಲೈ ತಿಂಗಳಿನಲ್ಲಿ ಎರಡೂ ದೇಶಗಳ ನಾಯಕರು ಮಲೇಷ್ಯಾದ ಪುತ್ರಜಯದಲ್ಲಿ ಎದುರುಬದುರು ಕುಳಿತರು. ಮಲೇಷ್ಯಾ ಆ ವರ್ಷದ ಅಧ್ಯಕ್ಷನಾಗಿತ್ತು. ಕದನವಿರಾಮ ಡಿಸೆಂಬರಿನಲ್ಲಿ ಮುರಿಯಿತೆಂಬುದು ಸತ್ಯ. ಕೂರಲು ಒಂದು ಜಾಗವಿತ್ತೆಂಬುದೂ ಅಷ್ಟೇ ಸತ್ಯ.

ನಮ್ಮ ಸ್ಥಿತಿ ಹೇಗಿದೆ? ಸಾರ್ಕ್ ಹುಟ್ಟಿದ್ದು 1985ರ ಡಿಸೆಂಬರ್ 8ರಂದು, ಢಾಕಾದಲ್ಲಿ. ಅದರ ಎರಡನೆಯ ಶೃಂಗಸಭೆ ನಡೆದದ್ದು 1986ರ ನವೆಂಬರಿನಲ್ಲಿ, ನಮ್ಮ ಬೆಂಗಳೂರಿನಲ್ಲಿ. ಕಠ್ಮಂಡುವಿನಲ್ಲಿ ಕಾರ್ಯಾಲಯ ತೆರೆಯುವ ತೀರ್ಮಾನ ಆ ಸಭೆಯದು. ಇಂದಿನ ಬೆಂಗಳೂರಿನ ಹುಡುಗರಲ್ಲಿ ಎಷ್ಟು ಮಂದಿಗೆ ಇದು ಗೊತ್ತು? ಕೊನೆಯ ಶೃಂಗಸಭೆ ನಡೆದದ್ದು 2014ರಲ್ಲಿ. ಉರಿಯ ದಾಳಿಯ ನಂತರ 2016ರ ಇಸ್ಲಾಮಾಬಾದ್ ಸಭೆ ರದ್ದಾಯಿತು. ಆಮೇಲೆ ಶೃಂಗಸಭೆಯೇ ಸೇರಿಲ್ಲ. ಆಸಿಯಾನ್ ದೇಶಗಳ ವ್ಯಾಪಾರದಲ್ಲಿ ಶೇಕಡಾ 20ಕ್ಕೂ ಹೆಚ್ಚು ಭಾಗ ತಮ್ಮತಮ್ಮೊಳಗೇ ನಡೆಯುತ್ತದೆ. ದಕ್ಷಿಣ ಏಷ್ಯಾದಲ್ಲಿ ಆ ಪ್ರಮಾಣ ಸುಮಾರು ಶೇಕಡಾ 5 ಮಾತ್ರ.

‘ಪಾಕಿಸ್ತಾನವಿರುವಾಗ ಏನು ಮಾಡಲಾದೀತು, ಮೇಷ್ಟ್ರೇ?’ ಎಂದು ನೀವು ಕೇಳುವಿರೆಂದು ಬಲ್ಲೆ. ಭಯೋತ್ಪಾದನೆಯನ್ನು ಮರೆತು ಕೈಕುಲುಕಿರೆಂದು ನಾನು ಹೇಳಲಾರೆ. ಆದರೆ ಒಂದು ವಿಪರ್ಯಾಸವನ್ನು ಗಮನಿಸಿ. 1994ರಲ್ಲಿ ಆಸಿಯಾನ್ ಆರಂಭಿಸಿದ ಪ್ರಾದೇಶಿಕ ವೇದಿಕೆಯಲ್ಲಿ ಭಾರತ, ಪಾಕಿಸ್ತಾನ, ಬಾಂಗ್ಲಾದೇಶ, ಶ್ರೀಲಂಕಾ ನಾಲ್ಕೂ ಸದಸ್ಯರು. ನಮ್ಮ ಮನೆಯಲ್ಲಿ ಜೊತೆಗೆ ಕೂರಲಾಗದ ನಾವು ಪರರ ಜಗಲಿಯಲ್ಲಿ ಒಟ್ಟಿಗೆ ಕೂರುತ್ತೇವೆ! ‘ಬಿಮ್‌ಸ್ಟೆಕ್ ಇದೆಯಲ್ಲ’ ಎನ್ನುವವರಿಗೆ ಇಷ್ಟೇ ಉತ್ತರ: 1997ರಲ್ಲಿ ಹುಟ್ಟಿದ ಆ ಸಂಘಟನೆಯ ಸನ್ನದಿಗೆ ಸಹಿ ಬಿದ್ದದ್ದು 2022ರಲ್ಲಿ. ಇಪ್ಪತ್ತೈದು ವರ್ಷ!

ಅಂಗಳ ಬರಿದಾದರೆ ಬೇರೆಯವರು ಬಂದು ಕೂರುತ್ತಾರೆ. ಶ್ರೀಲಂಕಾದ ಹಂಬನ್‌ತೋಟ ಬಂದರನ್ನು 2017ರಲ್ಲಿ ಚೀನಾದ ಕಂಪನಿಗೆ 99 ವರ್ಷಗಳ ಗುತ್ತಿಗೆಗೆ ಕೊಟ್ಟದ್ದು ನೆನಪಿರಲಿ. ನೇಪಾಳ, ಮಾಲ್ಡೀವ್ಸ್‌ಗಳು ನಮ್ಮೆದುರು ಒಂಟಿಯಾಗಿ ನಿಲ್ಲಲು ಅಂಜಿ ಮತ್ತೊಬ್ಬ ದೊಡ್ಡವನನ್ನು ಹುಡುಕಿಕೊಂಡರೆ ಅದಕ್ಕೆ ಅವರನ್ನಷ್ಟೇ ದೂರಬೇಕೆ? ಇಂಡೋನೇಷ್ಯಾ ಆಸಿಯಾನ್‌ನಲ್ಲಿ ಎಲ್ಲರಿಗಿಂತ ದೊಡ್ಡದು. ಆ ದೊಡ್ಡಸ್ತಿಕೆಯನ್ನು ತೋರದೆ ಹಿಂದೆ ಕುಳಿತದ್ದರಿಂದಲೇ ಚಿಕ್ಕವರು ನಂಬಿ ಬಂದರು. ಈ ಪಾಠವನ್ನು ಭಾರತ ಇನ್ನೂ ಕಲಿಯಬೇಕಾಗಿದೆ.

ಗುರು ಎಂಬ ಪದವಿಯನ್ನು ಶಿಷ್ಯರು ಕೊಡಬೇಕು. ಮೇಷ್ಟ್ರು ತಾನೇ ಕಪ್ಪುಹಲಗೆಯ ಮೇಲೆ ಬರೆದುಕೊಂಡರೆ ತರಗತಿ ನಗುತ್ತದೆ. 2018ರ ಗಣರಾಜ್ಯೋತ್ಸವಕ್ಕೆ ಆಸಿಯಾನ್‌ನ ಅಂದಿನ ಹತ್ತೂ ನಾಯಕರನ್ನು ದೆಹಲಿಗೆ ಕರೆಸಿ ಗೌರವಿಸಿದೆವು. ಒಳ್ಳೆಯದೇ. ಕಾರ್ಯಾಲಯಕ್ಕೆ ಸಮನಾದ ವಂತಿಗೆ, ಸರದಿಯಂತೆ ಬರುವ ಅಧ್ಯಕ್ಷತೆ, ಜಗಳವಿದ್ದರೂ ತಪ್ಪದೆ ಸೇರುವ ಸಭೆ: ಅವರ ಈ ಪದ್ಧತಿಗಳಲ್ಲಿ ಒಂದನ್ನಾದರೂ ಅಂದು ಕೇಳಿ ಕಲಿತೆವೇ?

ಸಿಂಗಪುರ, ಕೌಲಾಲಂಪುರಗಳಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಗಳು ಇದನ್ನು ನನಗಿಂತ ಹತ್ತಿರದಿಂದ ಕಂಡವರು. ನನ್ನ ವಾದದಲ್ಲಿ ಹುಳುಕಿದ್ದರೆ ಸಂಕೋಚವಿಲ್ಲದೆ ಬರೆದು ತಿಳಿಸಿ. ಆದರೆ ಹರಟೆಕಟ್ಟೆಯೆಂದು ಮಾತ್ರ ಬರೆಯಬೇಡಿ. ಮೊದಲು ನಮ್ಮದೊಂದು ಕಟ್ಟೆಯನ್ನು ತೋರಿಸಿ, ಆಮೇಲೆ ಅವರದನ್ನು ಹಳಿಯೋಣ.