ರಾಜ್ಯಗಳ ಸಮಾನತೆಗೆ ಮನುಷ್ಯರ ಬಲಿ

ಅಮೆರಿಕದ ಸುಪ್ರೀಂ ಕೋರ್ಟ್ 2013ರ ಜೂನ್ 25ರಂದು ಶೆಲ್ಬಿ ಕೌಂಟಿ ಪ್ರಕರಣದಲ್ಲಿ ಕೊಟ್ಟ ತೀರ್ಪು ತಪ್ಪು. ಐವರು ಒಂದು ಕಡೆ, ನಾಲ್ವರು ಇನ್ನೊಂದು ಕಡೆ ನಿಂತ ಆ ತೀರ್ಪು 1965ರ ಮತದಾನ ಹಕ್ಕು ಕಾಯ್ದೆಯ ಬೆನ್ನುಮೂಳೆಯನ್ನೇ ಮುರಿಯಿತು. ವರ್ಣಭೇದದ ಇತಿಹಾಸವಿರುವ ರಾಜ್ಯಗಳು ಚುನಾವಣಾ ನಿಯಮ ಬದಲಿಸುವ ಮುನ್ನ ಕೇಂದ್ರದ ಒಪ್ಪಿಗೆ ಪಡೆಯಬೇಕಿತ್ತು. ಅವು ಯಾವ ರಾಜ್ಯಗಳೆಂದು ಗುರುತಿಸುವ ಸೂತ್ರವೇ ರದ್ದಾಯಿತು. ಕಾಲ ಬದಲಾಗಿದೆ, ಸೂತ್ರ ಹಳತಾಗಿದೆ ಎಂದರು ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್. ಜೊತೆಗೆ, ಸಾರ್ವಭೌಮತೆಯಲ್ಲಿ ರಾಜ್ಯಗಳೆಲ್ಲ ಸಮಾನ, ಕೆಲವಕ್ಕೆ ಮಾತ್ರ ಮೂಗುದಾರ ಹಾಕುವುದು ಸಲ್ಲದು ಎಂದರು.

ಸಮಾನತೆ ಇಲ್ಲಿ ದಕ್ಕಿದ್ದು ಯಾರಿಗೆ? ಮತದಾರರ ಪಟ್ಟಿಯಿಂದ ಹೊರಗುಳಿದವನಿಗಲ್ಲ, ಅವನನ್ನು ಹೊರಗಿಟ್ಟ ರಾಜ್ಯಕ್ಕೆ.

ಈ ವಾದದ ಬೇರು ಹಳೆಯದು. 1854ರಲ್ಲಿ ಇಲಿನಾಯ್‌ನ ಸೆನೆಟರ್ ಸ್ಟೀಫನ್ ಡಗ್ಲಸ್ ಕಾನ್ಸಾಸ್-ನೆಬ್ರಾಸ್ಕಾ ಕಾಯ್ದೆ ತಂದು, ಗುಲಾಮಗಿರಿ ಬೇಕೋ ಬೇಡವೋ ಎಂಬುದನ್ನು ಆಯಾ ಪ್ರಾಂತ್ಯದ ಜನರೇ ತೀರ್ಮಾನಿಸಲಿ ಎಂದರು. ಕೇಳುವುದಕ್ಕೆ ಅಪ್ಪಟ ಪ್ರಜಾಪ್ರಭುತ್ವ. ಆದರೆ ಮತ ಹಾಕುವವರು ಬಿಳಿಯರು, ತೀರ್ಮಾನವಾಗುವುದು ಕರಿಯರ ಬಾಳು. ತನ್ನನ್ನು ತಾನು ಆಳಿಕೊಳ್ಳುವುದು ಸ್ವಯಮಾಡಳಿತ, ತನ್ನ ಜೊತೆಗೆ ಇನ್ನೊಬ್ಬನನ್ನೂ ಆಳುವುದು ನಿರಂಕುಶತೆ ಎಂದು ಅದೇ ವರ್ಷ ಪಿಯೋರಿಯಾದಲ್ಲಿ ಅಬ್ರಹಾಂ ಲಿಂಕನ್ ಉತ್ತರಿಸಿದರು. ಆ ಉತ್ತರ ಇಂದಿಗೂ ಅಲುಗಿಲ್ಲ. ಬಹುಮತಕ್ಕೆ ಬೆಲೆ ಬಂದದ್ದೇ ಒಬ್ಬೊಬ್ಬರ ಮತವೂ ಒಂದೇ ತೂಕ ಎಂದು ಒಪ್ಪಿದ್ದರಿಂದ. ಆ ಒಪ್ಪಂದವನ್ನೇ ಮತಕ್ಕೆ ಹಾಕುವ ಅಧಿಕಾರ ಯಾವ ಬಹುಮತಕ್ಕೂ ಇಲ್ಲ.

ಲಿಂಕನ್ನರ ಲೋಪವನ್ನೂ ಮುಚ್ಚಿಡಬಾರದು. 1858ರ ಸೆಪ್ಟೆಂಬರ್‌ನಲ್ಲಿ ಚಾರ್ಲ್ಸ್‌ಟನ್‌ನ ವೇದಿಕೆಯಲ್ಲಿ ಸ್ಟೀಫನ್ ಡಗ್ಲಸ್ ಎದುರೇ, ಕರಿಯರನ್ನು ಮತದಾರರನ್ನಾಗಿ ಮಾಡುವುದು ತಮ್ಮ ಇರಾದೆಯಲ್ಲ ಎಂದುಬಿಟ್ಟಿದ್ದರು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದಿದ್ದ ಫ್ರೆಡರಿಕ್ ಡಗ್ಲಸ್ ಲಿಂಕನ್ನರಿಗಿಂತ ಸ್ಪಷ್ಟವಾಗಿ ಕಂಡಿದ್ದರು: ಕರಿಯನ ಕೈಗೆ ಮತ ಬರುವವರೆಗೆ ಗುಲಾಮಗಿರಿ ಅಳಿದಂತಲ್ಲ.

ಮತ 1870ರ 15ನೇ ತಿದ್ದುಪಡಿಯಿಂದ ಬಂತು. ಅದನ್ನು ಕಸಿದುಕೊಂಡ ಬಗೆಯನ್ನು ನೋಡಬೇಕು. 1890ರಲ್ಲಿ ಮಿಸಿಸಿಪಿ ಹೊಸ ಸಂವಿಧಾನ ಬರೆದುಕೊಂಡಿತು. ಎರಡು ಡಾಲರ್ ತಲೆಗಂದಾಯ ಕಟ್ಟಬೇಕು. ಸಂವಿಧಾನದ ಒಂದು ಕಲಮನ್ನು ಓದಬೇಕು, ಇಲ್ಲವೇ ಓದಿಸಿಕೊಂಡು ಅರ್ಥ ಹೇಳಬೇಕು. ಹೇಳಿದ ಅರ್ಥ ಸರಿಯೋ ತಪ್ಪೋ ಎಂಬುದು ಪಟ್ಟಿ ಬರೆಯುವ ಅಧಿಕಾರಿಯ ಮರ್ಜಿ. ಆ ನಿಯಮಗಳಲ್ಲಿ ಬಣ್ಣದ ಸೊಲ್ಲೇ ಇರಲಿಲ್ಲ. ಎಲ್ಲ ರಾಜ್ಯಗಳೂ ಗೌರವಕ್ಕೆ ಸಮಾನ ಅರ್ಹ ಎನ್ನುವವರು ಆ ಅಧಿಕಾರಿಯ ಮೇಜಿನ ಮುಂದೆ ಟೋಪಿ ಕಳಚಿ ನಿಂತ ಕರಿಯ ರೈತನನ್ನು ನೆನೆಯಲಿ. 1965ರ ಕಾಯ್ದೆ ಬಂದಾಗ ಮಿಸಿಸಿಪಿಯಲ್ಲಿ ನೂರಕ್ಕೆ ಸುಮಾರು 7 ಮಂದಿ ಕರಿಯರು ಮಾತ್ರ ಪಟ್ಟಿಯಲ್ಲಿದ್ದರು. 1967ರ ಹೊತ್ತಿಗೆ ಅವರು 60ರ ಹತ್ತಿರ ಬಂದರು. ಜನ ಬದಲಾಗಿರಲಿಲ್ಲ, ಬಾಗಿಲು ಕಾಯುವವನ ಕೈಯನ್ನು ಕಾಯ್ದೆ ಹಿಡಿದಿತ್ತು.

ಆ ಕೈಯನ್ನು 2013ರಲ್ಲಿ ಕೋರ್ಟ್ ಬಿಡಿಸಿಬಿಟ್ಟಿತು. 2006ರಲ್ಲಿ ಸೆನೆಟ್ 98-0 ಮತಗಳಿಂದ ನವೀಕರಿಸಿದ್ದ ಕಾಯ್ದೆ ಇದು. ಎಂದರೆ ಜನಪ್ರತಿನಿಧಿಗಳ ಮಾತನ್ನೂ ಬದಿಗೊತ್ತಿ, ದುರ್ಬಲ ಮತದಾರನ ರಕ್ಷಣೆಯನ್ನೂ ಕಿತ್ತುಕೊಂಡು ಕೋರ್ಟ್ ರಾಜ್ಯಗಳ ಪ್ರತಿಷ್ಠೆಯನ್ನು ಉಳಿಸಿತು. ತೀರ್ಪು ಬಂದ ದಿನವೇ ಟೆಕ್ಸಾಸ್ ತನ್ನ ಕಟ್ಟುನಿಟ್ಟಿನ ಗುರುತಿನ ಚೀಟಿ ನಿಯಮ ಜಾರಿಯಾಗುತ್ತದೆಂದು ಸಾರಿತು. ಉತ್ತರ ಕೆರೊಲಿನಾ ಅದೇ ವರ್ಷ ತಂದ ಕಾಯ್ದೆಯ ಗುರಿ ಕರಿಯರೇ ಎಂದು 2016ರಲ್ಲಿ ಮೇಲ್ಮನವಿ ನ್ಯಾಯಾಲಯ ಕಂಡುಕೊಂಡಿತು. ಅಷ್ಟರಲ್ಲಿ ಚುನಾವಣೆಗಳು ನಡೆದುಹೋಗಿದ್ದವು. ಕಳೆದುಹೋದ ಮತವನ್ನು ಯಾವ ನ್ಯಾಯಾಲಯವೂ ಹಿಂದಿರುಗಿಸಲಾರದು.

ಹೊಸ ಸೂತ್ರ ಬರೆಯಲು ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿಗೆ ಅಧಿಕಾರವಿದೆ ಎಂದು ತೀರ್ಪೇ ಒಪ್ಪುತ್ತದೆ. 1965ರ ಮಾರ್ಚ್ 7ರಂದು ಸೆಲ್ಮಾದಲ್ಲಿ ಮತದ ಹಕ್ಕಿನ ಮೆರವಣಿಗೆಯಲ್ಲಿ ಪೊಲೀಸರ ಲಾಠಿಗೆ ತಲೆ ಒಡೆಸಿಕೊಂಡ ಜಾನ್ ಲೂಯಿಸ್ ಹೆಸರಿನ, ಅಂಥ ಸೂತ್ರವಿದ್ದ ಮಸೂದೆಯನ್ನು 2021ರ ಆಗಸ್ಟ್‌ನಲ್ಲಿ ಕೆಳಮನೆ ಅಂಗೀಕರಿಸಿತು. ಸೆನೆಟ್ ಅದನ್ನು ಅಂತಿಮ ಮತದಾನಕ್ಕೆ ಬರಲೂ ಬಿಡಲಿಲ್ಲ.