ತಟ್ಟೆಯ ಮಿಠಾಯಿಯೂ ದೊಡ್ಡವರ ಮಾತೂ

ನಮ್ಮ ಪಟ್ಟಣಗಳಲ್ಲಿ ಈಚೆಗೆ ಒಂದು ಹೊಸ ಜ್ಯೋತಿಷ್ಯ ಹಬ್ಬಿದೆ. ಇದಕ್ಕೆ ಪಂಚಾಂಗ ಬೇಡ, ಜಾತಕ ಬೇಡ. ಒಂದು ತಟ್ಟೆ, ಒಂದು ಮಿಠಾಯಿ, ನಾಲ್ಕೈದು ವರ್ಷದ ಒಂದು ಮಗು ಇದ್ದರೆ ಸಾಕು. “ಈಗಲೇ ತಿಂದರೆ ಇದೊಂದೇ; ನಾನು ಬರುವವರೆಗೆ ಕಾದರೆ ಎರಡು” ಎಂದು ಹೇಳಿ ಹೊರಗೆ ಹೋಗುವುದು. ಕಾದ ಮಗು ಮುಂದೆ ದೊಡ್ಡ ಅಧಿಕಾರಿಯಾಗುತ್ತದೆ. ತಿಂದ ಮಗು ಓದಿನಲ್ಲಿ ಹಿಂದೆ ಬೀಳುತ್ತದೆ, ಕೆಲಸದಲ್ಲಿ ನಿಲ್ಲುವುದಿಲ್ಲ, ಸಿಟ್ಟಿಗೂ ಆಸೆಗೂ ಅಡಿಯಾಳಾಗುತ್ತದೆ. ಹೀಗೆ ಫಲ. ನಾನು ಬಲ್ಲ ಒಂದು ಶಾಲೆಯಲ್ಲಿ, ಪೋಷಕರ ಸಭೆಗೆ ಬಂದ ಉಪನ್ಯಾಸಕರೊಬ್ಬರು ಇದನ್ನು ವಿಜ್ಞಾನವೆಂದು ಬೋಧಿಸಿದರು. ಮುಂದಿನ ತಿಂಗಳೇ ಅಲ್ಲಿನ ಒಂದನೆಯ ತರಗತಿಯ ಪ್ರಗತಿಪತ್ರಕ್ಕೆ ‘ಭಾವನೆಗಳ ಹತೋಟಿ’ ಎಂಬ ಹೊಸ ಕಾಲಂ ಸೇರಿತು. ಆರು ವರ್ಷದ ಹುಡುಗಿಯೊಬ್ಬಳಿಗೆ ಅದರಲ್ಲಿ ‘ಸಿ’ ದರ್ಜೆ ಬಿದ್ದದ್ದನ್ನು ಕಣ್ಣಾರೆ ಕಂಡ ಮೇಲೆ ಸುಮ್ಮನಿರುವುದು ನನ್ನಿಂದಾಗಲಿಲ್ಲ.

ಮೂಲ ಪ್ರಯೋಗ ನಡೆಸಿದವರು ವಾಲ್ಟರ್ ಮಿಶೆಲ್ ಎಂಬ ಮನಶ್ಶಾಸ್ತ್ರಜ್ಞರು. ಸ್ಥಳ, ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಬಿಂಗ್ ಶಿಶುವಿಹಾರ. ಕಾಲ, 1960ರ ದಶಕದ ಕೊನೆ ಮತ್ತು 1970ರ ದಶಕದ ಆರಂಭ. ಅವರು ತಿಳಿಯಹೊರಟದ್ದು ಮಗುವಿನ ಹಣೆಬರಹವನ್ನಲ್ಲ, ಕಾಯುವಾಗ ಮನಸ್ಸು ಏನು ಮಾಡುತ್ತದೆ ಎಂಬುದನ್ನು. ತಿಂಡಿಯನ್ನು ಕಣ್ಣಿಗೆ ಬೀಳದಂತೆ ಮುಚ್ಚಿಟ್ಟರೆ, ಇಲ್ಲವೆ ಮಗು ಬೇರೆ ಯಾವುದಾದರೂ ಸಂತೋಷದ ಸಂಗತಿಯನ್ನು ನೆನೆಯುತ್ತಿದ್ದರೆ, ಹೆಚ್ಚು ಹೊತ್ತು ಕಾಯುತ್ತದೆ ಎಂದು ಕಂಡುಕೊಂಡರು. ಒಳ್ಳೆಯ ಕೆಲಸ, ಅದರ ಮೇಲೆ ನನ್ನ ತಕರಾರಿಲ್ಲ. ಭವಿಷ್ಯದ ಮಾತು ಹುಟ್ಟಿದ್ದು ಆಮೇಲೆ. ಆ ಮಕ್ಕಳು ಬೆಳೆದು ದೊಡ್ಡವರಾದ ಮೇಲೆ ಅವರ ಸಾಧನೆಯೊಡನೆ ಹಳೆಯ ಲೆಕ್ಕವನ್ನು ಹೋಲಿಸಿದ ಒಂದು ಲೇಖನ 1990ರಲ್ಲಿ ಪ್ರಕಟವಾಯಿತು. ಕಾದ ಹೊತ್ತಿಗೂ ಕಾಲೇಜು ಪ್ರವೇಶ ಪರೀಕ್ಷೆಯ ಅಂಕಗಳಿಗೂ ಗಟ್ಟಿಯಾದ ನಂಟು ಕಂಡದ್ದು ಎಷ್ಟು ಮಕ್ಕಳಲ್ಲಿ? 35 ಮಕ್ಕಳಲ್ಲಿ. ಅವರೂ ಬಹುಮಟ್ಟಿಗೆ ವಿಶ್ವವಿದ್ಯಾನಿಲಯದ ಆಸುಪಾಸಿನ ಅನುಕೂಲಸ್ಥರ ಮಕ್ಕಳು. 1995ರಲ್ಲಿ ಡೇನಿಯಲ್ ಗೋಲ್ಮನ್ನರ ‘ಎಮೋಷನಲ್ ಇಂಟೆಲಿಜೆನ್ಸ್’ ಎಂಬ ಗ್ರಂಥ ಬಂತು. ಮಿಠಾಯಿಯ ಕಥೆ ಅದರ ಹೆಗಲೇರಿ ಊರೂರು ತಿರುಗಿತು. 35 ಎಂಬ ಅಂಕಿ ಮಾತ್ರ ಸ್ಟ್ಯಾನ್‌ಫರ್ಡಿನಲ್ಲೇ ಉಳಿಯಿತು.

2018ರಲ್ಲಿ ಟೈಲರ್ ವಾಟ್ಸ್ ಮತ್ತು ಅವರ ಸಂಗಡಿಗರು 900ಕ್ಕೂ ಹೆಚ್ಚು ಮಕ್ಕಳ ದಾಖಲೆ ತೆಗೆದು ಇದನ್ನೇ ಮತ್ತೆ ನೋಡಿದರು. ನಂಟು ಮೊದಲಿನ ಅರ್ಧದಷ್ಟಕ್ಕೆ ಇಳಿಯಿತು. ಮನೆಯ ಸ್ಥಿತಿಗತಿ, ಮಗುವಿಗೆ ಮೊದಲೇ ಇದ್ದ ಬುದ್ಧಿಶಕ್ತಿ ಇವನ್ನೆಲ್ಲ ಲೆಕ್ಕಕ್ಕೆ ತಂದುಕೊಂಡಾಗ, ಉಳಿದದ್ದರಲ್ಲಿಯೂ ಮೂರರಲ್ಲಿ ಎರಡು ಪಾಲು ಕರಗಿತು. ಇಷ್ಟೇ ಆಗಿದ್ದರೆ, ಜ್ಯೋತಿಷ್ಯ ಸುಳ್ಳಾಯಿತು ಎಂದು ನಕ್ಕು ಸುಮ್ಮನಾಗಬಹುದಿತ್ತು. ನನ್ನ ನಿಜವಾದ ಜಗಳ ಇರುವುದು ಇನ್ನೊಂದು ಕಡೆ.

ರಾಚೆಸ್ಟರ್ ವಿಶ್ವವಿದ್ಯಾನಿಲಯದಲ್ಲಿ ಸೆಲೆಸ್ಟ್ ಕಿಡ್ ಎಂಬಾಕೆ ಜೊತೆಗಾರರೊಡನೆ ಮಾಡಿ 2013ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ವಾಚಕರು ಸಾವಧಾನವಾಗಿ ಕೇಳಬೇಕು. 28 ಮಕ್ಕಳು. ಮಿಠಾಯಿಗೆ ಮೊದಲು ಚಿತ್ರ ಬಿಡಿಸುವ ಆಟ. ಮುಂದೆ ಹಳೆಯ ಬಣ್ಣದ ಕಡ್ಡಿಗಳಿವೆ. “ಸ್ವಲ್ಪ ತಾಳು, ಇದಕ್ಕಿಂತ ಚೆನ್ನಾದದ್ದು ತಂದುಕೊಡುತ್ತೇನೆ” ಎಂದು ಹೇಳಿ ದೊಡ್ಡವರು ಹೊರಗೆ ಹೋಗುತ್ತಾರೆ. 14 ಮಕ್ಕಳಿಗೆ ಹೇಳಿದಂತೆಯೇ ತಂದುಕೊಟ್ಟರು. ಉಳಿದ 14 ಮಕ್ಕಳ ಬಳಿಗೆ ಬರಿಗೈಯಲ್ಲಿ ಬಂದು, “ಅಯ್ಯೋ, ನಮ್ಮಲ್ಲಿ ಇಲ್ಲವಂತೆ, ಇದರಲ್ಲೇ ಮಾಡಿಕೋ” ಎಂದರು. ಅಂಟುಚೀಟಿಗಳ ವಿಷಯದಲ್ಲೂ ಇನ್ನೊಮ್ಮೆ ಹೀಗೆಯೇ. ಆಮೇಲೆ ಬಂತು ಮಿಠಾಯಿಯ ತಟ್ಟೆ. ಮಾತು ಉಳಿದ ಗುಂಪಿನಲ್ಲಿ 9 ಮಕ್ಕಳು ಪೂರ್ತಿ 15 ನಿಮಿಷ ಕಾದರು. ಮಾತು ಕೆಟ್ಟ ಗುಂಪಿನಲ್ಲಿ ಒಂದೇ ಒಂದು ಮಗು. ಸರಾಸರಿ ಅಲ್ಲಿ 12 ನಿಮಿಷ, ಇಲ್ಲಿ 3.

ಒಂದು ಬೆಳಗಿನಲ್ಲಿ ಯಾವ ಮಗುವಿನ ಸ್ವಭಾವ ಬದಲಾದೀತು? ಬದಲಾದದ್ದು ದೊಡ್ಡವರ ಮಾತಿನ ಬೆಲೆ. ಮಿಠಾಯಿಯನ್ನು ಬಾಯಿಗೆ ಹಾಕಿಕೊಂಡ ಮಗು ಆಸೆಬುರುಕನಲ್ಲ; ಈ ಮನುಷ್ಯ ಎರಡು ಸಲ ಕೈಕೊಟ್ಟಿದ್ದಾನೆ, ಮೂರನೆಯ ಸಲ ನಂಬಿ ಇದ್ದದ್ದನ್ನೂ ಕಳೆದುಕೊಳ್ಳಬಾರದು ಎಂದು ಅದು ಲೆಕ್ಕ ಹಾಕಿದೆ. ನಮ್ಮ ಸಾಹುಕಾರರು ಇದೇ ಲೆಕ್ಕ ಹಾಕಿದರೆ ವ್ಯವಹಾರಜ್ಞಾನ ಎನ್ನುತ್ತೇವೆ.

ಇದನ್ನು ತಿಳಿಯಲು ನಮಗೆ ರಾಚೆಸ್ಟರ್ ಬೇಕಿರಲಿಲ್ಲ. ಗೋವಿನ ಹಾಡನ್ನು ಕಲಿಯದ ಕನ್ನಡದ ಮಗು ಯಾವುದು? ಹಸಿದ ಹುಲಿ, ಬಾಯಿಗೆ ಬಂದ ಬೇಟೆ. ಕರುವಿಗೆ ಮೊಲೆಯೂಡಿಸಿ ಬರುತ್ತೇನೆ ಎಂದ ಹಸುವನ್ನು ಬಿಟ್ಟುಕೊಟ್ಟು ಕಾಯುತ್ತ ಕೂತಿತು. ಸ್ಟ್ಯಾನ್‌ಫರ್ಡಿನ ಅಳತೆಯಲ್ಲಿ ಆ ಹುಲಿಗೆ ಪೂರ್ಣಾಂಕ ಸಿಗಬೇಕು! ಆದರೆ ನಾವು ತಲೆತಲಾಂತರದಿಂದ ಕೊಂಡಾಡಿಕೊಂಡು ಬಂದದ್ದು ಹುಲಿಯ ತಾಳ್ಮೆಯನ್ನಲ್ಲ, ಹೇಳಿದ ಹೊತ್ತಿಗೆ ಮರಳಿ ಬಂದ ಪುಣ್ಯಕೋಟಿಯನ್ನು. ಹಾಡು ಕಟ್ಟಿದವರಿಗೆ ಯಾವುದು ಯಾವುದರ ಮೇಲೆ ನಿಂತಿದೆ ಎಂಬುದು ತಿಳಿದಿತ್ತು.

ಈಗ ನಮ್ಮ ಮನೆಗಳನ್ನು ನೋಡಿ. ದೆವ್ವವನ್ನು ಸಾಗಹಾಕಲು ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದ ಜನ ನಾವು. ಮಕ್ಕಳಿಗೂ ಅದೇ ಉಪಾಯ ಮಾಡುತ್ತೇವೆ. ಅಳು ನಿಲ್ಲಿಸಲು ಸೈಕಲ್ಲು, ಊಟ ಮುಗಿಸಲು ಜಾತ್ರೆ, ಸೂಜಿ ಚುಚ್ಚಿಸಿಕೊಳ್ಳಲು ಐಸ್‌ಕ್ರೀಮು. ಕೆಲಸವಾದ ಮೇಲೆ ಮರೆತೇಬಿಡುತ್ತೇವೆ, ಮಗು ಮರೆಯುವುದಿಲ್ಲ. ಇದು ಉಳ್ಳವರ ಮನೆಯ ಮಾತಾಯಿತು. ಗಾರೆ ಕೆಲಸದವನ ಮನೆಯಲ್ಲಿ ಅಪ್ಪನಿಗೆ ಮನಸ್ಸಿದ್ದರೂ ಮಾತು ಉಳಿಸಿಕೊಳ್ಳುವ ಶಕ್ತಿ ಅವನ ಕೈಯಲ್ಲಿಲ್ಲ. ಶನಿವಾರದ ಬಟವಾಡೆಯನ್ನು ಮೇಸ್ತ್ರಿ ಸೋಮವಾರಕ್ಕೆ ತಳ್ಳಿದರೆ, ಅವನು ಮಗಳಿಗೆ ಕೊಟ್ಟ ಮಾತೂ ತಾನಾಗಿಯೇ ಸೋಮವಾರಕ್ಕೆ ಹೋಗುತ್ತದೆ. ಸಂಬಳ ಒಂದನೆಯ ತಾರೀಖಿಗೆ ತಪ್ಪದೆ ಬರುವ ಮನೆಯ ಕೂಸು ‘ಆಮೇಲೆ’ ಎಂಬ ಪದವನ್ನು ನಂಬುವುದನ್ನು ಕಲಿಯುತ್ತದೆ. ಈ ಮಗು ಬೇರೆ ಪಾಠ ಕಲಿಯುತ್ತದೆ. ಎರಡನ್ನೂ ಒಂದೇ ತಟ್ಟೆಯ ಮುಂದೆ ಕೂರಿಸಿ, ಮೊದಲನೆಯದಕ್ಕೆ ಸಂಯಮವೆಂದೂ ಎರಡನೆಯದಕ್ಕೆ ಚಪಲವೆಂದೂ ಹೆಸರಿಡುವುದು ಎಲ್ಲಿಯ ನ್ಯಾಯ?

ಮಿಶೆಲ್‌ರಿಗೇ ಈ ಸುಳಿವು ಮೊದಲೇ ಸಿಕ್ಕಿತ್ತು. ಬಿಂಗ್ ಶಿಶುವಿಹಾರಕ್ಕಿಂತ ಹಿಂದೆ ಅವರು ಟ್ರಿನಿಡಾಡ್ ದ್ವೀಪದಲ್ಲಿ, ಆಫ್ರಿಕ ಮತ್ತು ಭಾರತ ಮೂಲದ ಶಾಲಾ ಮಕ್ಕಳ ನಡುವೆ, ಇಂದು ಸಣ್ಣ ಮಿಠಾಯಿಯೋ ಮುಂದಿನ ವಾರ ದೊಡ್ಡದೋ ಎಂದು ಕೇಳಿ ನೋಡಿದ್ದರು. 1958ರ ಆ ಲೇಖನದಲ್ಲಿ ಬರುವ ಮುಖ್ಯ ಸಂಗತಿಗಳಲ್ಲಿ ಒಂದು, ಮನೆಯಲ್ಲಿ ತಂದೆ ಇದ್ದಾನೆಯೇ ಇಲ್ಲವೇ ಎಂಬುದು. ಉಪನ್ಯಾಸಗಳಲ್ಲಿ ಟ್ರಿನಿಡಾಡಿನ ಹೆಸರನ್ನು ನಾನು ಒಮ್ಮೆಯೂ ಕೇಳಿಲ್ಲ.

ಹಾಗಾದರೆ ಮಕ್ಕಳಿಗೆ ತಾಳ್ಮೆ ಕಲಿಸಲೇಬಾರದೇ ಎಂದು ಕೆಲವರು ಹುಬ್ಬು ಗಂಟಿಕ್ಕಬಹುದು. ಕಲಿಸಲಿ. ತಟ್ಟೆ ಮುಚ್ಚಿಡಲಿ, ಕಥೆ ಹೇಳಲಿ. ಐದು ನಿಮಿಷದಲ್ಲಿ ಬರುತ್ತೇನೆಂದವರು ಐದು ನಿಮಿಷದಲ್ಲಿ ಬರಲಿ. ಬರಲಾಗದಿದ್ದರೆ ಬರುವೆನೆಂದು ಹೇಳದಿರಲಿ. ಆಗಲೂ ಒಂದು ಮಗು ತಿಂದರೆ, ಅದಕ್ಕೆ ಹಸಿವಾಗಿದೆಯೇ ಎಂದು ಮೊದಲು ಕೇಳಲಿ.

ಈ ಕಥೆ ಶಾಲೆಗೆ ನಿಂತಿಲ್ಲ. ಕಾರ್ಖಾನೆಗಳಿಗೂ ಕಚೇರಿಗಳಿಗೂ ಹೋಗಿದೆ. ಓವರ್‌ಟೈಮ್ ಹಣ ಮೂರು ತಿಂಗಳಿಂದ ಬಾಕಿ ಇರುವ ಕಡೆ ಕೆಲಸಗಾರರನ್ನು ಸಾಲಾಗಿ ಕೂರಿಸಿ, ಕಾದವನಿಗೆ ಎರಡು ಮಿಠಾಯಿ ಎಂದು ಉಪದೇಶ ನಡೆದದ್ದನ್ನು ನಾನೇ ಕೇಳಿಬಂದಿದ್ದೇನೆ. ಹೊರಗೆ ಬರುವಾಗ, ಇಂಥ ಉಪನ್ಯಾಸಕ್ಕೆ ಸಂಭಾವನೆ ಹೇಗೆಂದು ವ್ಯವಸ್ಥಾಪಕರನ್ನು ವಿಚಾರಿಸಿದೆ. ಪೂರ್ತಿ ಮುಂಗಡವಾಗಿಯೇ ಕೊಡಬೇಕಂತೆ.