ಹಳೆಯ ಗಣಕದ ಮೇಲೆ ಹೊರಿಸಿದ ಅಪವಾದ

‘ಸಂಘದ ಕಂಪ್ಯೂಟರ್ ಹಳೆಯದು, ಅದರಲ್ಲಿ ವಿಡಿಯೋ ರೆಂಡರ್ ಆಗುವುದಿಲ್ಲ’ ಎಂಬ ಮಾತು ಹೊರನಾಡ ಕನ್ನಡಿಗರ ಸಭೆಗಳಲ್ಲಿ ಗಾದೆಯಷ್ಟೇ ಸಲೀಸಾಗಿ ಚಲಾವಣೆಯಲ್ಲಿದೆ. ಕವಿಗೋಷ್ಠಿ, ನಾಟಕ, ಹಿರಿಯರ ಸಂದರ್ಶನ ಎಲ್ಲವೂ ಈ ಮಾತಿನ ಮರೆಯಲ್ಲಿ ಹಾರ್ಡ್ ಡಿಸ್ಕಿನೊಳಗೇ ಉಳಿದುಬಿಡುತ್ತವೆ. ಹೊಸ ಯಂತ್ರಕ್ಕೆ ಹಣ ಕೂಡುವವರೆಗೆ ನೆನಪುಗಳು ಕಾಯಬೇಕಂತೆ. ಈ ವಾದವನ್ನು ನಾವು ಒಪ್ಪುವುದಿಲ್ಲ. ಕುಣಿಯಲಾರದವರಿಗೆ ನೆಲ ಡೊಂಕು.

ರೆಂಡರಿಂಗ್ ನಡುವೆ ತಂತ್ರಾಂಶ ಕುಸಿಯಲು ಯಂತ್ರದ ವಯಸ್ಸಿಗಿಂತ ಹೆಚ್ಚಾಗಿ ನಮ್ಮ ಲೆಕ್ಕಗೇಡಿತನವೇ ಕಾರಣ. ಹಳೆಯ ಪತ್ರಿಕೆಯ ಎ4 ಪುಟವೊಂದನ್ನು 600 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿದರೆ ಸುಮಾರು 4960×7016 ಪಿಕ್ಸೆಲ್‌ಗಳಾಗುತ್ತವೆ. ಡಿಸ್ಕಿನಲ್ಲಿ ಆ ಜೆಪೆಗ್ ಕಡತ ಚಿಕ್ಕದಾಗಿಯೇ ಕಾಣಬಹುದು. ಆದರೆ ರ‍್ಯಾಮ್‌ನಲ್ಲಿ ಅದು ಬಿಚ್ಚಿಕೊಂಡಾಗ, ಪಿಕ್ಸೆಲ್‌ಗೆ ನಾಲ್ಕು ಬೈಟ್‌ನಂತೆ, ಸುಮಾರು 139 ಎಂಬಿ ಬೇಡುತ್ತದೆ. ಇಂಥ ಹತ್ತು ಪುಟಗಳು ಒಟ್ಟಿಗೆ ತೆರೆದುಕೊಂಡರೆ 1.4 ಜಿಬಿ ಮುಗಿಯಿತು. ನೋಡುಗರ ತೆರೆಯಾದರೋ ಕೇವಲ 1920×1080! ಅದೇ ಪುಟವನ್ನು 1414×2000ಕ್ಕೆ ಇಳಿಸಿದರೆ ಬೇಕಾಗುವುದು ಸುಮಾರು 11 ಎಂಬಿ ಮಾತ್ರ. ಮೂಲ ಸ್ಕ್ಯಾನ್ ಸಂಗ್ರಹದಲ್ಲಿ ಭದ್ರವಾಗಿರಲಿ, ವಿಡಿಯೋಗೆ ಇಳಿಸಿದ ಪ್ರತಿ ಸಾಕು.

ಉಳಿದ ಉಪಾಯಗಳೂ ಹೀಗೆಯೇ ಸರಳವಾದವು. ರೆಂಡರ್ ಆರಂಭಿಸುವ ಮುನ್ನ ಬ್ರೌಸರನ್ನು ಮುಚ್ಚಬೇಕು. ತಂತ್ರಾಂಶ ಬಳಸುವ ಥ್ರೆಡ್‌ಗಳ ಸಂಖ್ಯೆಯನ್ನು ತಗ್ಗಿಸಬೇಕು. ವೇಗ ಕುಂದಿದರೂ ಒಮ್ಮೆಗೆ ನೆನಪಿನಲ್ಲಿ ನಿಲ್ಲುವ ಚೌಕಟ್ಟುಗಳು ಕಡಿಮೆಯಾಗುತ್ತವೆ. ಎರಡು ಗಂಟೆಯ ನಾಟಕವನ್ನು ಹತ್ತು ಹತ್ತು ನಿಮಿಷದ ತುಂಡುಗಳಾಗಿ ರೆಂಡರ್ ಮಾಡಿ ಕೊನೆಗೆ ಜೋಡಿಸಬಹುದು. ಆಗ ಒಂದು ತುಂಡು ಕೆಟ್ಟರೆ ಅದನ್ನಷ್ಟೇ ಮತ್ತೆ ಮಾಡಿದರಾಯಿತು. ಬ್ಲೆಂಡರ್ ಬಳಸುವವರು ನೇರ ವಿಡಿಯೋ ಕಡತದ ಬದಲು ಒಂದೊಂದೇ ಚಿತ್ರವಾಗಿ ಉಳಿಸುವುದೂ ಇದೇ ವಿವೇಕದಿಂದ. ಡಿಸ್ಕಿನಲ್ಲಿ ಸ್ವ್ಯಾಪ್ ಜಾಗ ಸಾಕಷ್ಟಿದ್ದರೆ ರ‍್ಯಾಮ್ ತುಂಬಿದಾಗ ಕೆಲಸ ನಿಧಾನವಾದೀತೇ ಹೊರತು ಥಟ್ಟನೆ ಸಾಯುವ ಸಂಭವ ಕಡಿಮೆ. ಪ್ರಾಕ್ಸಿಯಿಂದಲೇ ಎಲ್ಲ ಪರಿಹಾರವಾಯಿತೆಂಬ ಭ್ರಮೆಯೂ ಬೇಡ. ಅದು ಸಂಕಲನವನ್ನು ಹಗುರಗೊಳಿಸುತ್ತದೆ, ಅಂತಿಮ ರೆಂಡರಿಂಗ್ ಸಾಮಾನ್ಯವಾಗಿ ಮೂಲ ಕಡತಗಳನ್ನೇ ಎತ್ತಿಕೊಳ್ಳುತ್ತದೆ.

ಹಳೆಯ ಯಂತ್ರಕ್ಕೆ ಮಿತಿಯೇ ಇಲ್ಲವೆಂದು ನಾವು ಹೇಳುತ್ತಿಲ್ಲ. 4ಕೆ ದೃಶ್ಯಗಳನ್ನು ಪದರ ಪದರವಾಗಿ ಹೇರಿದರೆ 4 ಜಿಬಿಯ ಯಂತ್ರ ಸೋಲುತ್ತದೆ. ಆದರೆ ಒಬ್ಬ ಕವಿ ಮೈಕಿನ ಮುಂದೆ ನಿಂತು ಓದುವುದನ್ನು ತೋರಿಸಲು 4ಕೆ ಯಾರಿಗೆ ಬೇಕು? ಹಾಸಿಗೆ ಇದ್ದಷ್ಟು ಕಾಲು ಚಾಚುವುದು ನಮ್ಮ ಹಿರಿಯರಿಗೆ ತಿಳಿದಿದ್ದ ವಿದ್ಯೆ. ನಾವಾದರೋ ಕಾಲನ್ನು ಮಡಚುವ ಬದಲು ಹೊಸ ಹಾಸಿಗೆಗಾಗಿ ಚಂದಾ ಎತ್ತಲು ಹೊರಟಿದ್ದೇವೆ.

ಆ ಚಂದಾ ಹಣ ಮಕ್ಕಳ ಕನ್ನಡ ತರಗತಿಗೋ ಪುಸ್ತಕಗಳಿಗೋ ಸಲ್ಲಲಿ. ಯಂತ್ರಕ್ಕಿಂತ ಬೇಗ ಮುಪ್ಪಾಗುತ್ತಿರುವವರು ನಮ್ಮ ಹಿರಿಯರು. ತಮ್ಮದೇ ದನಿಯನ್ನು ತಾವು ಕೇಳುವ ಹಕ್ಕು ಅವರಿಗಿದೆ. ಮೂಲೆಯಲ್ಲಿ ಧೂಳು ಹಿಡಿದಿರುವ ಕಂಪ್ಯೂಟರನ್ನು ಈ ಭಾನುವಾರವೇ ಹೊತ್ತಿಸೋಣ.